ದೊಡ್ಡಪ್ಪನ ಮೊಟ್ಟೆ ಬೇಸಾಯ

ನಮ್ಮ ದೊಡ್ಡಪ್ಪನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ಒಂದು ಕಾಫಿ, ಇನ್ನೊಂದು ಕಾಫಿಯ ಹಾಗೆ ನೋಡಿಕೊಳ್ಳಬೇಕಾದದ್ದು! ನನಗೆ ಜ್ವರ ಬಂದರೆ, "ನೆರಳು ಜಾಸ್ತಿಯಾಗಿದೆ, ಸ್ವಲ್ಪ ಬಿಸಿಲಿಗೆ ಬಿಡಿ" ಎನ್ನುತ್ತಿದ್ದರು. ಅಕ್ಕನನ್ನು ನೋಡಲು ಬಂದ ಹುಡುಗ ಆಚೆ ಹೋಗುವುದೇ ತಡ, "ಬೇಡ, ನೀರಲ್ಲಿ ತೇಲೋ ಹಣ್ಣು, ಒಳಗೆಲ್ಲ ಜೊಳ್ಳು" ಎಂದು ಒಂದೇ ಮಾತಿನಲ್ಲಿ ಸಂಬಂಧ ಮುಗಿಸಿದ್ದರು. ಇಂಥವರ ಕೈಗೆ ಕಾವಿನ ಕೋಳಿಯೊಂದು ಸಿಕ್ಕರೆ ಏನಾಗಬೇಡ, ನೀವೇ ಹೇಳಿ!

ತೊಂಬತ್ತರ ದಶಕದಲ್ಲಿ ನಾನು ಗೋಣಿಬೀಡಿನ ಹತ್ತಿರ ಅವರ ಕಾಫಿ ತೋಟದ ಮನೆಯಲ್ಲಿದ್ದುಕೊಂಡು ಮೂಡಿಗೆರೆಯ ಕಾಲೇಜಿಗೆ ಹೋಗುತ್ತಿದ್ದೆ. ಕೋಳಿಗಳ ಆಡಳಿತವೆಲ್ಲ ದೊಡ್ಡಮ್ಮನದು. ಆ ಆಡಳಿತದಲ್ಲಿ ಯಾವ ಹೇಂಟೆಗೂ ಕಾವು ಕೂರುವ ಭಾಗ್ಯವಿರಲಿಲ್ಲ. ಮೈ ಉಬ್ಬಿಸಿಕೊಂಡು ಗೂಡು ಬಿಟ್ಟೇಳದ ಕೋಳಿ ಕಂಡರೆ ಎತ್ತಿ ತೊಟ್ಟಿಯ ನೀರಿನಲ್ಲಿ ಅದ್ದಿಬಿಡುತ್ತಿದ್ದರು. ತಣ್ಣಗಾದ ಕೋಳಿ ಸಂಸಾರದ ಆಸೆ ಬಿಟ್ಟು ಮತ್ತೆ ಮೊಟ್ಟೆ ಇಡತೊಡಗುತ್ತಿತ್ತು.

ಆ ವರ್ಷ ದೊಡ್ಡಮ್ಮ ಹಿತ್ತಲಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಮೂಳೆ ಕೂಡಿದೆ, ಇನ್ನು ನಡೀಬೇಕು" ಎಂದರು. ದೊಡ್ಡಮ್ಮ ನಡೆಯಲಿಲ್ಲ. ಕಾಲು ನೆಲಕ್ಕೆ ಮುಟ್ಟಿದರೆ ಸಾಕು, ಮತ್ತೆ ಬೀಳುತ್ತೇನೆಂದು ಮೈಯೆಲ್ಲ ನಡುಗುತ್ತಿತ್ತು. ಊಟ ಮಂಚಕ್ಕೇ, ಮುಖ ಗೋಡೆಗೇ! ಹೀಗೇ ಮಲಗಿದರೆ ಮುಂದೆ ಏಳುವುದೇ ಕಷ್ಟ ಎಂದು ಡಾಕ್ಟರು ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಂದಿನಿಂದ ದೊಡ್ಡಪ್ಪನಿಗೆ ನಿದ್ದೆಯಿಲ್ಲ.

ಅಷ್ಟರಲ್ಲಿ ಕಂದು ಹೇಂಟೆಯೊಂದು ಗೋದಾಮಿನ ಗೋಣಿಚೀಲಗಳ ಮೇಲೆ ಕಾವಿಗೆ ಕೂತಿತು. ಅದನ್ನು ಅದ್ದುವವರು ಯಾರೂ ಇಲ್ಲ!

"ಮರಿ ಮಾಡ್ಸಾಣ ಕಣೋ" ಎಂದರು ದೊಡ್ಡಪ್ಪ. "ಈ ಮನೇಲಿ ಇದೇ ಮೊದಲು. ಮರಿ ನೋಡೋಕಾದ್ರೂ ಎದ್ದು ಬರ್ತಾಳೆ, ನೋಡ್ತಿರು."

ಸರಿ, ಶುರುವಾಯಿತು ಬೇಸಾಯ! ಮೊಟ್ಟೆಗಳನ್ನು ಬಕೆಟ್ಟಿನ ನೀರಿಗೆ ಬಿಟ್ಟು ತೇಲಿದ್ದನ್ನೆಲ್ಲ ಎಸೆದರು. ಬಿತ್ತನೆಯ ಕಾಫಿ ಆರಿಸುವುದು ಹಾಗೆಯೇ ತಾನೇ? ಮುಳುಗಿದವು ಕೋಳಿಯ ಕೆಳಗೆ ಸೇರಿದವು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಣದಲ್ಲಿ ಹರಡಿದ ಕಾಫಿಯನ್ನು ಆಗಾಗ ಕೈಯಾಡಿಸದಿದ್ದರೆ ಒಂದೇ ಮಗ್ಗುಲು ಒಣಗುತ್ತದಲ್ಲ! ಹಾಗಾಗಿ ಹೊತ್ತುಹೊತ್ತಿಗೂ ಕೋಳಿಯ ಹೊಟ್ಟೆಯಡಿಗೆ ಕೈ ತೂರಿಸಿ ಮೊಟ್ಟೆ ಹೊರಳಿಸಲು ಹೊರಟರು. ಯಾವ ತಾಯಿ ಸಹಿಸುತ್ತಾಳೆ? ಕೋಳಿ ಕುಕ್ಕಿ ಕುಕ್ಕಿ ಮುಂಗೈ ಊದಿಸಿತು. ಬಟ್ಟೆ ಸುತ್ತಿದ ಕೈಯನ್ನು ದೊಡ್ಡಮ್ಮನ ಮುಂದೆ ಹಿಡಿದು, "ನೋಡೇ, ನಿನ್ನ ಕೋಳಿ ಮಾಡಿದ್ದು" ಎಂದು ದೂರು ಕೊಟ್ಟರು.

ಗೋಡೆಯ ಕಡೆಯಿಂದಲೇ ಉತ್ತರ ಬಂತು: "ಮೊಟ್ಟೆ ಹೊರಳ್ಸೋಕೆ ಅದಕ್ಕೆ ಕೊಕ್ಕಿಲ್ವಾ? ನಿಮ್ಮ ಕೈಯೇ ಬೇಕಿತ್ತಾ?"

ದೊಡ್ಡಪ್ಪ ಹೊರಗೆ ಬಂದು ನನ್ನ ಕಿವಿಯಲ್ಲಿ, "ಬೈದ್ಲು ಕಣೋ!" ಎಂದರು. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಚಿಪ್ಪಿನೊಳಗೆ ಏನು ನಡೆಯುತ್ತಿರಬಹುದು? ಈ ಕುತೂಹಲ ನಮ್ಮಿಬ್ಬರನ್ನೂ ಹಿಡಿಯಿತು. ಕೋಳಿ ಮೇವಿಗೆ ಇಳಿದ ಹೊತ್ತು ನೋಡಿ, ಗೋದಾಮಿನ ಬಾಗಿಲು ಮುಚ್ಚಿ, ಮೊಟ್ಟೆಯ ಹಿಂದೆ ಟಾರ್ಚು ಹಿಡಿದೆವು. ಕೆಂಪು ಎಳೆಗಳು, ನಡುವೆ ಅಲುಗಾಡುವ ಒಂದು ಕಪ್ಪು ಚುಕ್ಕೆ! ಜೀವಶಾಸ್ತ್ರ ಓದುತ್ತಿದ್ದ ನಾನು ಹಾಗೆ ಜೀವವನ್ನು ಕಂಡದ್ದು ಅದೇ ಮೊದಲು. ದೊಡ್ಡಪ್ಪ ಒಂದೇ ಓಟಕ್ಕೆ ಒಳಗೆ ಹೋದರು.

"ಬೇರು ಬಿಟ್ಟಿದೆ ಕಣೇ!"

"ಅಯ್ಯೋ ರಾಮ, ಅದೇನು ಕೋಳಿನೋ, ಕಾಫಿ ಗಿಡನೋ?" ಎಂದರು ದೊಡ್ಡಮ್ಮ. ಈ ಸಲ ಮುಖ ಇತ್ತ ತಿರುಗಿತ್ತು. ಕಾಲು ಮಾತ್ರ ಮಂಚ ಬಿಟ್ಟಿಳಿಯಲಿಲ್ಲ.

ಅಂತೂ ಮರಿಗಳು ಬಂದವು. ಕೋಳಿ ಅವನ್ನೆಲ್ಲ ಹಿಂದೆ ಹಾಕಿಕೊಂಡು ಅಂಗಳಕ್ಕಿಳಿಯಿತು. "ಬಾರೇ, ಜಗಲಿ ತನಕ ಬಂದ್ರೆ ಸಾಕು" ಎಂದು ದೊಡ್ಡಪ್ಪ ಅಂಗಲಾಚಿದರು. "ನನ್ನ ಕೈಲಾಗಲ್ಲ, ಬಿಟ್ಬಿಡಿ" ಎಂದು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು.

ಪೆಚ್ಚಾದ ದೊಡ್ಡಪ್ಪ ಗೋದಾಮಿಗೆ ಹೋದರೆ, ಗೂಡಿನಲ್ಲಿ ಇನ್ನೂ ಒಂದು ಮೊಟ್ಟೆ! ಚಿಪ್ಪಿನಲ್ಲಿ ಸಣ್ಣ ಬಿರುಕು, ಒಳಗೆ ಕ್ಷೀಣವಾದ ಚಿಂವ್. ತಾಯಿ ಬಿಟ್ಟು ಹೋಗಿದೆ, ಮೊಟ್ಟೆ ತಣ್ಣಗಾಗುತ್ತಿದೆ. ಆಗ ಅವರಿಗೆ ಹೊಳೆದದ್ದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತೇ? ನೇರ ತಂದು ದೊಡ್ಡಮ್ಮನ ಅಂಗೈಯಲ್ಲಿಟ್ಟು ಮೇಲೆ ಕಂಬಳಿ ಮುಚ್ಚಿದರು.

"ಹ್ಯಾಗೂ ನೀನು ಏಳೋಳಲ್ಲ. ಕಾವಾದ್ರೂ ಕೊಡು!"

"ನಿಮಗೆ ತಲೆ ನೆಟ್ಟಗಿದ್ಯಾ?" ಎನ್ನುತ್ತಲೇ ದೊಡ್ಡಮ್ಮನ ಬೆರಳು ಮೊಟ್ಟೆಯ ಸುತ್ತ ಮಡಚಿಕೊಂಡವು. ಸ್ವಲ್ಪ ಹೊತ್ತಿಗೆ, "ಶ್! ಮಾತಾಡ್ತಿದೆ" ಎಂದರು. ಮಧ್ಯಾಹ್ನವೆಲ್ಲ ಮೂವರೂ ಕಿವಿಗೊಟ್ಟು ಕೂತೆವು. ಚಿಪ್ಪು ಬಿಡಿಸಲು ದೊಡ್ಡಪ್ಪ ಕೈ ಚಾಚಿದಾಗಲೆಲ್ಲ ಪಟ್ಟೆಂದು ಏಟು ಬೀಳುತ್ತಿತ್ತು. ಕೊನೆಗೆ ಚಿಪ್ಪು ಎರಡಾಗಿ, ಒದ್ದೆ ಮುದ್ದೆಯಾದ ಮರಿ ದೊಡ್ಡಮ್ಮನ ಅಂಗೈಯಲ್ಲಿ ಬಿದ್ದುಕೊಂಡಿತು. ಸಂಜೆಯ ಹೊತ್ತಿಗೆ ಮೈ ಒಣಗಿ, ಅಂಗಳದಲ್ಲಿ ಹೇಂಟೆ ಕರೆಯುವುದು ಕೇಳಿ ಚೀರಾಡತೊಡಗಿತು.

"ಕೊಡಿಲ್ಲಿ, ತಾಯಿ ಹತ್ರ ಬಿಡ್ತೀನಿ" ಎಂದರು ದೊಡ್ಡಪ್ಪ.

"ನಿಮ್ಮನ್ನ ನಂಬಿ ಕೊಟ್ಟಂಗೇ! ನಾನೇ ಬಿಡ್ತೀನಿ."

ಮರಿಯನ್ನು ಒಂದು ಕೈಯಲ್ಲಿ ಎದೆಗವಚಿಕೊಂಡ ದೊಡ್ಡಮ್ಮ ಕಾಲು ಕೆಳಗಿಟ್ಟರು. ಗೋಡೆ ಹಿಡಿದು ಒಂದು ಹೆಜ್ಜೆ. ಮತ್ತೊಂದು. ತಾವು ನಡೆಯುತ್ತಿದ್ದೇವೆಂಬುದು ಅವರಿಗೆ ಗೊತ್ತೇ ಇರಲಿಲ್ಲ ಎಂದು ನನ್ನ ನಂಬಿಕೆ. ಕಣ್ಣೆಲ್ಲ ಮರಿಯ ಮೇಲಿತ್ತು.

ದೊಡ್ಡಪ್ಪ ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಹಿಂದೆ ಹಿಂದೆಯೇ ಹೋದರು. ಬಾಗಿಲ ಹತ್ತಿರ ಬಂದಾಗ, "ನಿಧಾನ ಮಾರಾಯ್ತಿ, ಹೊಸ್ತಿಲಿದೆ" ಎಂದರು.