ಬೀಜಕ್ಕೆ ಬಿಟ್ಟ ಸೋರೆಕಾಯಿ

ಮಜ್ಜಿಗೆಹುಳಿ ರುಚಿಯಾಗಿತ್ತು. ಶನಿವಾರ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಸ್ಪಂದನಾ ತನಗೆ ತಾನೇ ಒಪ್ಪಿಕೊಂಡ ಸಂಗತಿ ಇದು. ಕಾಯಿ ಕೊಯ್ದದ್ದು ಗಂಡ, ಆ ಪಾಪವನ್ನು ಹೇಗೋ ಅವನ ತಲೆಗೆ ಕಟ್ಟಬಹುದಿತ್ತು. ಆದರೆ ಎರಡನೆಯ ಸಲ ಬಡಿಸಿಕೊಂಡದ್ದು ಅವಳೇ. ಬಟ್ಟಲನ್ನು ಬೆರಳಿನಿಂದ ಸವರಿದ್ದೂ ಅವಳೇ.

ಪಕ್ಕದ ಮನೆಯ ನೀಲಮ್ಮ ಆಂಟಿ ಗಂಡನ ಜೊತೆ ಹತ್ತು ದಿನದ ಮಟ್ಟಿಗೆ ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕಿನಲ್ಲಿರುವ ಮಗಳು ಸ್ಮಿತಾಳ ಮನೆಗೆ ಹೊರಟಾಗ ಹಿತ್ತಲಿನ ತೋಟವನ್ನು ಸ್ಪಂದನಾಳಿಗೆ ಒಪ್ಪಿಸಿದ್ದರು. "ಮೆಂತ್ಯ ಚೂಟ್ಕೋ, ಟೊಮ್ಯಾಟೋ ಹರ್ಕೋ, ಹೀರಿಕಾಯಿ ಬಂದಷ್ಟೂ ನಿಂದ. ಆ ಮೂಲ್ಯಾಗಿನ ಸೋರೆಕಾಯಿಗೆ ಮಾತ್ರ ಕೈ ಹಚ್ಚಬ್ಯಾಡವಾ ತಂಗಿ. ಅದು ಬೀಜಕ್ಕ ಬಿಟ್ಟದ್ದು" ಎಂದಿದ್ದರು. ಅಮೆರಿಕದ ಈ ಕ್ಯಾಂಟನ್ ಊರಿನ ಬೇಸಿಗೆ ಹಾಲು ಉಕ್ಕುವಷ್ಟು ಹೊತ್ತು ಇರುತ್ತದೆ, ಅಷ್ಟೇ. ಬಳ್ಳಿಯ ಮೊದಲ ಕಾಯಿಯನ್ನೇ ಬೀಜಕ್ಕೆ ಬಿಡಬೇಕು, ಆಮೇಲಿನವು ಬಲಿಯುವ ಮೊದಲೇ ಹಿಮ ಬೀಳುತ್ತದೆ.

ಆ ಬಳ್ಳಿಯ ಮೂಲಬೀಜ ರೋಣದ ಕಡೆಯದು, ಆಂಟಿಯ ಗಂಡ ಗದಿಗೆಪ್ಪ ಅಂಕಲ್ ಅವರ ತಾಯಿ ಕೊಟ್ಟದ್ದು. ಅಂಕಲ್ ಕಾರಿನ ಗೇರ್‌ಬಾಕ್ಸುಗಳ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಗೇರ್‌ಬಾಕ್ಸಿನ ಬಗ್ಗೆ ಅವರು ಒಂದು ಮಾತೂ ಆಡಿದ್ದನ್ನು ಯಾರೂ ಕೇಳಿಲ್ಲ. ಸೋರೆಕಾಯಿಯ ಬಗ್ಗೆ ಕೇಳದವರಿಲ್ಲ. ಹಿಂದೊಮ್ಮೆ ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಕಲ್ಮೇಶ್ ಎಂಬ ಹುಡುಗ, "ಅಂಗಡೀದಕ್ಕೂ ಇದಕ್ಕೂ ಏನ್ ಫರಕ್ರೀ ಅಂಕಲ್?" ಎಂದು ತಮಾಷೆಗೆ ಕೇಳಿಬಿಟ್ಟಿದ್ದ. ಅವತ್ತಿನಿಂದ ಆ ಮನೆಯ ಬಾಗಿಲು ಕಲ್ಮೇಶನಿಗೂ ಇಲ್ಲ, ಅವನ ಹೆಂಡತಿಗೂ ಇಲ್ಲ.

ಸ್ಪಂದನಾಳ ಸಂಕಟ ಇದೇ ಆಗಿತ್ತು. ಮದುವೆಯಾಗಿ ಮೈಸೂರಿನಿಂದ ಬಂದ ಮೇಲೆ ಅವಳು ಹುಡುಕಿಕೊಂಡ ಒಂದೇ ಜಾಗ ನೀಲಮ್ಮ ಆಂಟಿಯ ಹಿತ್ತಲ ಮೆಟ್ಟಿಲು. ಅಲ್ಲಿ ಕೂತು ಅವರೆಕಾಯಿ ಸುಲಿಯಬಹುದಿತ್ತು, ಮಾತಾಡಲೇಬೇಕೆಂದಿರಲಿಲ್ಲ. ಆ ಮೆಟ್ಟಿಲು ತಪ್ಪಿದರೆ ಈ ಊರಿನಲ್ಲಿ ಅವಳಿಗೆ ಉಳಿಯುವುದು ಲೈಬ್ರರಿ ಮತ್ತು ವಾಷಿಂಗ್ ಮೆಷೀನು.

ಆದದ್ದಿಷ್ಟು. ಮಂಗಳವಾರ ತಲೆನೋವೆಂದು ಅವಳು ಗಂಡ ಸತೀಶನನ್ನು ನೀರು ಹಾಕಲು ಕಳಿಸಿದಳು. ಅವನು ಕಂಕುಳಲ್ಲಿ ಸೋರೆಕಾಯಿ ಹಿಡಿದುಕೊಂಡು ಕೋಟೆ ಗೆದ್ದವನಂತೆ ಬಂದ. ಉಗುರು ಒತ್ತಿದರೆ ಇಳಿಯುವಂಥ ಎಳೇ ಕಾಯಿ. 'ಯಾವ ಮೂಲೆಯದು?' ಎಂದು ಕೇಳಬೇಕೆಂದು ಸ್ಪಂದನಾಳಿಗೆ ಅನ್ನಿಸಿತು. ಅನ್ನಿಸಿದ್ದನ್ನೆಲ್ಲ ಕೇಳುವುದು ಅವಳ ಜಾಯಮಾನವಲ್ಲ. ರಾತ್ರಿಗೆ ಅದು ಮಜ್ಜಿಗೆಹುಳಿಯಾಯಿತು. ಮರುದಿನ ಹೋಗಿ ನೋಡಿದರೆ ಮೂಲೆ ಖಾಲಿ. ಚಪ್ಪರದಿಂದ ಒಂದು ಕೆಂಪು ದಾರ ಮಾತ್ರ ನೇತಾಡುತ್ತಿತ್ತು.

"ಹೂಂ, ದಾರ ಕಟ್ಟಿದ್ರು. ಭಾರಕ್ಕೆ ಬೀಳದೇ ಇರ್ಲಿ ಅಂತ ಸಪೋರ್ಟು" ಎಂದಿದ್ದ ಸತೀಶ. "ಬಿಚ್ಚೋಷ್ಟರಲ್ಲಿ ಸಾಕಾಗೋಯ್ತು ಕಣೇ."

ಈಗ ಶನಿವಾರ. ಸಂಜೆ ನಾಲ್ಕಕ್ಕೆ ಮನೆ ಮುಟ್ಟುತ್ತೇವೆಂದು ಆಂಟಿಯ ಮೆಸೇಜು ಬಂದಿತ್ತು.

"ನಿಜ ಹೇಳ್ಬಿಡ್ಲಾ?" ಎಂದಳು ಸ್ಪಂದನಾ, ಕಾಫಿ ಲೋಟವನ್ನು ನೋಡುತ್ತ.

"ಯಾರಿಗೆ, ಅಂಕಲ್‌ಗಾ? ಕಲ್ಮೇಶ್ ಬರೀ ಬಾಯಲ್ಲಿ ಅಂದಿದ್ದ. ನಾವು ತಿಂದೇಬಿಟ್ಟಿದೀವಿ." ಸತೀಶ ಕಾರಿನ ಕೀಲಿ ಎತ್ತಿಕೊಂಡ. "ನಡಿ. ಅಂಥದ್ದೇ ಒಂದು ತಂದು ಅಲ್ಲೇ ಕಟ್ಟೋಣ. ಟೈಮಿದೆ. ಆಂಟಿ ನಾಲ್ಕು ಅಂದಿರೋದು ಶಿಕಾಗೋ ಟೈಮು, ನಮಗೆ ಐದು."

ಇಂಡಿಯನ್ ಸ್ಟೋರಿನಲ್ಲಿ ಅವನು ಸೋರೆಕಾಯಿಗಳನ್ನು ಒಂದೊಂದಾಗಿ ಎತ್ತಿ ತೋಳಿಗೆ ಹಿಡಿದು ಅಳೆದ, ತಮ್ಮನಿಗೆ ಹೆಣ್ಣು ನೋಡಲು ಬಂದವನಂತೆ. "ಇದು ಗಿಡ್ಡ. ಇದಕ್ಕೆ ಸೊಂಟಾನೇ ಇಲ್ಲ. ಆ ಕಾಯಿಗೆ ಎಡಗಡೆ ಸ್ವಲ್ಪ ಡೊಂಕಿತ್ತು ಅಲ್ವಾ?"

"ನಂಗೆ ಹೆಚ್ಚಿದ ಮೇಲಿಂದೇ ನೆನಪು."

"ಅಯ್ಯೋ ಸ್ಪಂದನಾ! ಸೋರೆಕಾಯೀನ ದುಡ್ಡು ಕೊಟ್ಟು ತಗೋತಿದೀರಾ?"

ಹಿಂದೆ ಶ್ರೀಲತಾ ನಿಂತಿದ್ದರು. ಕನ್ನಡ ಸಂಘದ ಕಾರ್ಯದರ್ಶಿ. ಅವರ ಕಿವಿಗೆ ಬಿದ್ದ ಸುದ್ದಿ ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿದ್ದಂತೆ. ಯಾವ ಕಿಟಕಿ ಮುಚ್ಚಿದರೂ ಪಕ್ಕದ ಮನೆಯವರು ಸೀನುತ್ತಿದ್ದರು.

"ಪಕ್ಕದಲ್ಲೇ ನೀಲಮ್ಮ ಆಂಟಿ ಬಳ್ಳಿ ಇದೆಯಲ್ರೀ!"

ಸ್ಪಂದನಾ ಬಾಯಿ ತೆರೆದಳು. ಅವಳ ಬಾಯಿ ತೆರೆಯುವುದಕ್ಕೂ ಮಾತು ಹೊರಬರುವುದಕ್ಕೂ ನಡುವೆ ಒಂದು ಗೂಡ್ಸ್ ರೈಲು ಹಾದುಹೋಗುವಷ್ಟು ಜಾಗವಿರುತ್ತಿತ್ತು. ಆ ಜಾಗದಲ್ಲಿ ಯಾವಾಗಲೂ ಬೇರೆ ಯಾರಾದರೂ ಮಾತಾಡಿ ಮುಗಿಸುತ್ತಿದ್ದರು.

"ನೆಂಟರು ಬರ್ತಿದಾರೆ" ಎಂದ ಸತೀಶ.

"ಹೌದಾ? ಎಲ್ಲಿಂದ?"

"ಬೋಲಿಂಗ್‌ಬ್ರೂಕಿಂದ" ಎಂದಳು ಸ್ಪಂದನಾ. ಬೆಳಗಿನಿಂದ ಅವಳ ತಲೆಯಲ್ಲಿ ಸುತ್ತುತ್ತಿದ್ದ ಊರು ಅದೊಂದೇ.

"ಎಷ್ಟು ಜನ?"

"ಇಬ್ಬರು" ಎಂದಳು ಹೆಂಡತಿ. "ಆರು" ಎಂದ ಗಂಡ, ಅದೇ ಗಳಿಗೆಯಲ್ಲಿ.

"ಆರು ಜನಕ್ಕೆ ಒಂದು ಸೋರೆಕಾಯಾ? ಪಾಪ, ಒಬ್ಬರೇ ಎಷ್ಟೂಂತ ಮಾಡ್ತೀರಾ! ಸಾಯಂಕಾಲ ಒಂದು ಟ್ರೇ ಚಿತ್ರಾನ್ನ ತಂದ್ಬಿಡ್ತೀನಿ, ಯೋಚ್ನೆ ಮಾಡ್ಬೇಡಿ."

ಬೇಡ ಎನ್ನಲು ಸ್ಪಂದನಾ ಬಾಯಿ ತೆರೆಯುವಷ್ಟರಲ್ಲಿ ಶ್ರೀಲತಾ ಕೊತ್ತಂಬರಿ ಸೊಪ್ಪನ್ನು ದಾಟಿ ಬಿಲ್ಲಿಂಗಿನ ಸಾಲು ಸೇರಿದ್ದರು.

ಆಂಟಿಯ ಹಿತ್ತಲಿಗೆ ತಂದು ನೋಡಿದರೆ, ಅಂಗಡಿಯ ಕಾಯಿಗೆ ಇದ್ದ ತೊಟ್ಟು ಹೆಬ್ಬೆರಳಿನಷ್ಟೇ. ಸತೀಶ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತು, ನೇತಾಡುತ್ತಿದ್ದ ಅದೇ ಕೆಂಪು ದಾರವನ್ನು ತೊಟ್ಟಿಗೆ ಸುತ್ತಿದ. ಕಾಯಿ ಜಾರಿ ಸ್ಪಂದನಾಳ ಮಡಿಲಿಗೆ ಬಿತ್ತು. ಮತ್ತೆ ಸುತ್ತಿದ. ಈ ಸಲ ನಿಂತಿತು, ಆದರೆ ಒಲ್ಲದ ಮದುವೆಯ ಮದುಮಗಳಂತೆ ಬಳ್ಳಿಗೆ ಬೆನ್ನು ತಿರುಗಿಸಿಕೊಂಡಿತು. ಬೇಲಿಯಾಚೆಯ ಅಮೆರಿಕನ್ ಅಜ್ಜ ಹುಲ್ಲು ಕತ್ತರಿಸುವ ಮೆಷೀನು ನಿಲ್ಲಿಸಿ ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ, ಕಾಯಿಯನ್ನು ಗಿಡಕ್ಕೆ ವಾಪಸ್ ಕಟ್ಟುತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಟ್ರೆಡಿಷನ್" ಎಂದ ಸತೀಶ.

ಅಜ್ಜ ಟೋಪಿ ತೆಗೆದು, ಗೌರವದಿಂದ ತಲೆದೂಗಿ, ಮೆಷೀನನ್ನು ಮೆಲ್ಲಗೆ ಆಚೆ ತಳ್ಳಿಕೊಂಡು ಹೋದ.

ಅಷ್ಟರಲ್ಲಿ ಗರಾಜಿನ ಬಾಗಿಲು ಗರಗರನೆ ಮೇಲೆದ್ದಿತು. ಆಂಟಿ ಹೇಳಿದ್ದ ನಾಲ್ಕು ಗಂಟೆ ಕ್ಯಾಂಟನ್ನಿನದೇ ಆಗಿತ್ತು.

ಗದಿಗೆಪ್ಪ ಅಂಕಲ್ ಮನೆಯೊಳಗೂ ಹೋಗದೆ ನೇರ ಹಿತ್ತಲಿಗೆ ಬಂದರು, ಹಿಂದೆಯೇ ಆಂಟಿ. "ಏನಪಾ ಸತೀಶ, ಬಕೆಟ್ ಮ್ಯಾಲ ನಿಂತು ಏನ ಮಾಡಾಕತ್ತಿ?"

"ನೀರು ಹಾಕ್ತಿದ್ದೆ ಅಂಕಲ್."

ನೀರಿನ ಪೈಪು ಹಿತ್ತಲಿನ ಇನ್ನೊಂದು ತುದಿಯಲ್ಲಿ ಸುರುಳಿ ಸುತ್ತಿ ಮಲಗಿತ್ತು. "ಅಷ್ಟ ಮ್ಯಾಲಿಂದ?"

"ಮಳೆ ಥರಾ, ಅಂಕಲ್."

ಅಂಕಲ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಮೂಲೆಗೆ ಹೋಗಿತ್ತು. ಕಾಯಿಯ ಮೈಯನ್ನು ಮಗುವಿನ ಬೆನ್ನಿನಂತೆ ನೇವರಿಸಿದರು. "ನೋಡ್ರಿ ನಮ್ಮವ್ವನ ಬಳ್ಳಿ! ಸ್ಮಿತಾನ ಮನ್ಯಾಗ ಅಂಗಡಿ ಸೋರೆಕಾಯಿ ತಿಂದು ನಾಲಿಗಿ ಸತ್ತಹೋಗೇತಿ ನೋಡ. ಇದರ ಕಳಾನ ಬ್ಯಾರೆ."

ಸ್ಪಂದನಾ ಎಲೆಯ ಮರೆಯಲ್ಲಿದ್ದ ಗಂಟನ್ನೇ ನೋಡುತ್ತಿದ್ದಳು. ಅದು ಬಿಚ್ಚಿದರೆ ಮೆಟ್ಟಿಲೂ ಬಿಚ್ಚಿದಂತೆ.

"ನೆಂಟರು ಎಲ್ಲಿ?" ಅಲ್ಯೂಮಿನಿಯಂ ಟ್ರೇ ಹಿಡಿದು ಶ್ರೀಲತಾ ಹಾಜರಾದರು. ಅಂಕಲ್, ಆಂಟಿ ಇಬ್ಬರನ್ನೂ ಕಂಡು ಮುಖ ಅರಳಿಸಿದರು. "ಓ! ಬೋಲಿಂಗ್‌ಬ್ರೂಕಿನ ನೆಂಟರು ಅಂದ್ರೆ ಇವರೇನಾ! ನೋಡಿ ಆಂಟಿ, ನೀವು ದಣಿದು ಬರ್ತೀರ ಅಂತ ಇವರಿಬ್ಬರೂ ಅಡುಗೆಗೆ ತರಕಾರಿ ತರೋಕೆ ಅಂಗಡಿಗೆ ಬಂದಿದ್ರು. ಈ ಕಾಲದಲ್ಲಿ ಯಾರ್ ಮಾಡ್ತಾರೆ? ಅಂದ ಹಾಗೆ, ಇನ್ನು ನಾಲ್ಕು ಜನ?"

"ಟ್ರಾಫಿಕ್ಕಲ್ಲಿದಾರೆ" ಎಂದ ಸತೀಶ.

ಆ ನಾಲ್ವರು ಯಾರೆಂದು ಕೇಳುವ ಸ್ಥಿತಿಯಲ್ಲಿ ಅಂಕಲ್ ಇರಲಿಲ್ಲ, ಅವರ ಕಣ್ಣು ಒದ್ದೆಯಾಗಿತ್ತು. "ಈ ತಂಗಿ ನಮ್ಮವ್ವನ ಬಳ್ಳಿ ಕಾದಾಳ. ಈ ಸಲ ಬೀಜ ಮೊದಲ ಇಕಿಗೇ. ಸಂಘದಾಗ ಎಲ್ಲಾರಿಗೂ ಇಕಿ ಕೈಲೇ ಹಂಚಸೂಣು."

"ಸೂಪರ್ ಅಂಕಲ್! ಈಗಲೇ ಲೈವ್ ಹೋಗೋಣ, ಸಂಘದವರೆಲ್ಲ ನೋಡ್ಲಿ. ನೀವು ಒಂದು ಒಳ್ಳೇ ಶರ್ಟ್ ಹಾಕ್ಕೊಂಡು ಬನ್ನಿ."

ಅಂಕಲ್ ಶರ್ಟಿಗೆಂದು ಒಳಗೆ ಹೋದರು. ಶ್ರೀಲತಾ ಚಿತ್ರಾನ್ನ ಇಡಲು ಹೋದರು. ಯಾರೂ ಕೇಳದಿದ್ದರೂ ಸತೀಶ ಸೂಟ್‌ಕೇಸುಗಳನ್ನು ಹೊತ್ತುಕೊಂಡು ಅವರ ಹಿಂದೆ ಓಡಿದ.

ನೀಲಮ್ಮ ಆಂಟಿ ಬಳ್ಳಿಯ ಹತ್ತಿರ ಬಂದು ಎಲೆ ಸರಿಸಿದರು.

"ಈ ಗಂಟು ನಂದಲ್ಲ" ಎಂದರು ಮೆಲ್ಲಗೆ. "ನಾ ಹೂವಿನ ಮಾಲಿ ಕಟ್ಟೂ ಗಂಟು ಹಾಕಿದ್ದೆ. ಇದು ಬೂಟಿನ ಲೇಸಿನ ಗಂಟು."

ಸ್ಪಂದನಾಳ ಕಿವಿ ಕೆಂಪಾದವು. ತಪ್ಪಾಯ್ತು ಎನ್ನಲು ಬಾಯಿ ತೆರೆದಳು. ಗೂಡ್ಸ್ ರೈಲು ಹಾದುಹೋಗುವಾಗ ಬೇರೆಯೇ ಒಂದು ಪ್ರಶ್ನೆ ಹೊಳೆಯಿತು. "ಆಂಟಿ... ಬಳ್ಳೀಲಿ ಬಿಟ್ಟಿರೋ ಕಾಯಿಗೆ ನೀವ್ಯಾಕೆ ಗಂಟು ಹಾಕಿದ್ರಿ?"

"ಸಣ್ಣಗ ಮಾತಾಡ!" ಆಂಟಿ ಬಾಗಿಲ ಕಡೆ ನೋಡಿದರು. "ಹೋಗೂ ಹಿಂದಿನ ದಿನ ಸ್ಮಿತಾಗ ಒಯ್ಯಾಕಂತ ಬಾಜೂಕಿನ ಕಾಯಿ ಕೊಯ್ಯಾಕ ಬಂದೆ. ಎಲಿ ಸಂದ್ಯಾಗ ಕತ್ತರಿ ಹಾಕಿದೆ, ಬಿದ್ದದ್ದು ಬೀಜದ ಕಾಯಿ. ಎದಿ ಧಸಕ್ಕಂತು. ಅವರು ಗಾಡಿಗೆ ಗಾಳಿ ತುಂಬಸಾಕ ಹೋಗಿದ್ರು. ನನ್ನ ಗಾಡಿ ತಗೊಂಡು ಓಡಿ ಹೋಗಿ ಅಂಗಡೀದೊಂದು ತಂದು ಕಟ್ಟಿಬಿಟ್ಟೆ. ನಾವು ಬರೂದ್ರಾಗ ಕೊಳತು ಬೀಳತೈತಿ, ಬಿಸಲಿಗೆ ಹೋತು ಅಂದ್ರಾತು ಅಂತ."

"ಹಾಗಾದ್ರೆ ನಾವು ತಿಂದಿದ್ದು..."

"ಅಂಗಡೀದ. ತಿಂದ್ರಲ್ಲ, ಚೊಲೋ ಆತು."

"ಮತ್ತೆ ಅಂಕಲ್ ಅಮ್ಮನ ಬಳ್ಳೀದು?"

"ಬ್ಯಾಗಿನಾಗ ಮುಚ್ಚಿ ಒಯ್ದು ಅಲ್ಲೇ ಪಲ್ಯಾ ಮಾಡಿದೆ. ಬೀಜ ಇನ್ನೂ ಹಸೇವು, ಕಸದಾಗ ಒಗದೆ. ನಿಮ್ಮ ಅಂಕಲ್ ಒಂದ ತುತ್ತು ತಿಂದು ತಾಟು ಸರಿಸಿದ್ರು. ಅಂಗಡೀದು ಅಂಗಡೀದ, ರುಚೀನ ಇಲ್ಲ ಅಂದ್ರು." ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಿಂತ ಸ್ಪಂದನಾಳಿಗೂ ನಗು ಬಂತು. ಮೆಟ್ಟಿಲು ಅಲ್ಲೇ ಇತ್ತು.

"ಇದು ನಮ್ಮಿಬ್ಬರಾಗೇ ಇರಲಿ ತಂಗಿ" ಎಂದರು ಆಂಟಿ, ಲೇಸಿನ ಗಂಟನ್ನು ಬಿಚ್ಚಿ ಹೂವಿನ ಗಂಟು ಹಾಕುತ್ತ. "ಅವರು ಏನರ ಕೇಳಿದ್ರ 'ಭಾಳ ಫರಕ್ ಐತ್ರಿ' ಅನ್ನು. ಅಷ್ಟ ಸಾಕು."

ಅಷ್ಟೇ ತಾನೇ. ಸ್ಪಂದನಾ ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿದಳು: ತುಂಬಾ ವ್ಯತ್ಯಾಸ ಇದೆ. ತುಂಬಾ ವ್ಯತ್ಯಾಸ ಇದೆ.

ಅಂಕಲ್ ಇಸ್ತ್ರಿ ಶರ್ಟಿನಲ್ಲಿ ಬಂದು ಕಾಯಿಯ ಪಕ್ಕದಲ್ಲಿ ನಿಂತರು. ಶ್ರೀಲತಾ ಫೋನು ಎತ್ತಿ ಹಿಡಿದು, "ಲೈವ್ ಆಯ್ತು! ಆಗಲೇ ಜನ ಸೇರ್ತಿದಾರೆ" ಎಂದರು. ಫೋನಿನಲ್ಲಿ ನೋಡಲು ಮೊದಲು ಬಂದು ಕೂತವನು ಕಲ್ಮೇಶ್. ತಮ್ಮವ್ವ, ರೋಣ, ಬೀಜದ ಪ್ರಯಾಣ ಎಲ್ಲವನ್ನೂ ಅಂಕಲ್ ವರ್ಣಿಸಿ ಮುಗಿಸಿದರು. ಶ್ರೀಲತಾ ಫೋನನ್ನು ಸ್ಪಂದನಾಳ ಕಡೆ ತಿರುಗಿಸಿದರು.

"ಈಗ ನಮ್ಮ ಬಳ್ಳಿ ಕಾದ ಸ್ಪಂದನಾಗೆ ಒಂದೇ ಪ್ರಶ್ನೆ. ಈ ಸೋರೆಕಾಯಿಗೂ ಅಂಗಡಿ ಸೋರೆಕಾಯಿಗೂ ಏನು ವ್ಯತ್ಯಾಸ?"

ಸ್ಪಂದನಾ ಬಾಯಿ ತೆರೆದಳು. ಗೂಡ್ಸ್ ರೈಲು ಹೊರಟಿತು. ಸತೀಶ ಕೆಮ್ಮಿದ. ಆಂಟಿ ಕಣ್ಣಲ್ಲೇ ಮಾತು ಹೇಳಿಕೊಟ್ಟರು. ಎಂದಿನಂತೆ ಯಾರಾದರೂ ನಡುವೆ ಬಾಯಿ ಹಾಕಿ ಮುಗಿಸಬಹುದೆಂದು ಅವಳು ಕಾದಳು. ಆದರೆ ಲೈವ್‌ನಲ್ಲಿ ಅಡ್ಡ ಮಾತಾಡಬಾರದೆಂದು ಎಲ್ಲರೂ, ಶ್ರೀಲತಾ ಕೂಡ, ಬಾಯಿ ಮುಚ್ಚಿಕೊಂಡಿದ್ದರು. ಕೊನೆಯ ಡಬ್ಬಿಯೂ ಹಾದುಹೋಯಿತು. ಅಂಕಲ್ ಮುಗುಳ್ನಗುತ್ತ ಅವಳತ್ತ ಬಾಗಿದರು.

"ಏನೂ ವ್ಯತ್ಯಾಸ ಇಲ್ಲ" ಎಂದಳು ಸ್ಪಂದನಾ, ಸ್ಪಷ್ಟವಾಗಿ.