ತಮ್ಮ ಮಾಡುವ ಮಂಡಿ

ಮನೆಯವರು ನಮ್ಮ ಕೆಲಸವನ್ನು ನಂಬದಿದ್ದರೆ ಬೇಜಾರಾಗುತ್ತದೆ, ನಿಜ. ಆದರೆ ನಂಬಿಬಿಟ್ಟರೆ ಆಗುವ ಫಜೀತಿ ಅದಕ್ಕಿಂತ ದೊಡ್ಡದು. ನನ್ನ ಹೆಂಡತಿ ಮೊದಲನೆಯ ಪಂಗಡದವಳು. ಮದರಾಸಿನ ಅಡ್ಯಾರಿನಲ್ಲಿರುವ ಪ್ರಯೋಗಾಲಯದಲ್ಲಿ ನಾನೇನು ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ‘ಪ್ಲಾಸ್ಟಿಕ್ ಕೆಲಸ’ ಎನ್ನುತ್ತಾಳೆ. ಕೇಳಿದವರು ಬಕೆಟ್ಟು, ಮಗ್ಗು ಎಂದುಕೊಂಡರೆ ಹಾಗೇ ಬಿಟ್ಟುಬಿಡುತ್ತಾಳೆ. ಅಕ್ಕ ಹಾಗಲ್ಲ. ಕೃತಕ ಮಂಡಿಯೊಳಗೆ, ಮೇಲಿನ ಲೋಹಕ್ಕೂ ಕೆಳಗಿನ ಲೋಹಕ್ಕೂ ನಡುವೆ ಮೆತ್ತೆಯ ಹಾಗೆ ಕೂರುವ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದು ಸವೆಯದೆ ಮನುಷ್ಯನ ಆಯುಸ್ಸು ಪೂರ್ತಿ ಬಾಳುವಂತೆ ಮಾಡುವುದೇ ನನ್ನ ಕೆಲಸ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಅವಳಿಗೆ ವಿವರಿಸಿದೆ. ಸಾರು ಬಡಿಸುವುದನ್ನು ನಿಲ್ಲಿಸಿ, ಸೌಟು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದಳು. ಅಲ್ಲಿಗೆ ನಾನು ಕೆಟ್ಟೆ.

ಯಾಕೆಂದರೆ ಅಕ್ಕನ ಮಂಡಿಗಳು ಆಗಲೇ ಎರಡೂ ಹೋಗಿದ್ದವು. ಅಣ್ಣಾ ನಗರದ ತನ್ನ ಮನೆಯಿಂದ ಮೂಲೆಯ ತರಕಾರಿ ಅಂಗಡಿಗೆ ಹೋಗಿಬರಲು ಎರಡು ಕಡೆ ಕೂರಲು ಕಟ್ಟೆ ಹುಡುಕುತ್ತಿದ್ದಳು. ಎರಡನ್ನೂ ಬದಲಾಯಿಸೋಣ ಎಂದು ಡಾಕ್ಟರು ಹೇಳಿದರೆ, ನಮ್ಮ ತಮ್ಮ ಮಾಡುತ್ತಿದ್ದಾನೆ, ಅದು ಬಂದ ಮೇಲೆ ನೋಡೋಣ ಎಂದು ಹೇಳಿ ಎದ್ದುಬಂದಳಂತೆ. ಉಪ್ಪಿನಕಾಯಿ ಮನೆಯಲ್ಲೇ ಹಾಕುವಾಗ ಅಂಗಡಿಯದು ಯಾಕೆ ಎನ್ನುವ ಧಾಟಿ. ಸಿಕ್ಕಾಗಲೆಲ್ಲ ಎಲ್ಲಿಗೆ ಬಂತು ಎಂದು ಕೇಳುವಳು, ನಾನು ಇನ್ನೆರಡು ವರ್ಷ ಎನ್ನುವೆ. ಹೀಗೆ ಹೇಳಿಯೇ ನಾಲ್ಕು ವರ್ಷ ಕಳೆದೆ. ನೀನು ಅವಸರ ಮಾಡಿ ಕೆಡಿಸಬೇಡ ಎಂದು ಅವಳೇ ನನಗೆ ಸಮಾಧಾನ ಹೇಳಿ ಕಳಿಸುತ್ತಿದ್ದಳು.

ನಮ್ಮ ಪ್ರಯೋಗಾಲಯದಲ್ಲಿ ನಡೆಯುವ ಯಂತ್ರವೊಂದಿದೆ. ಲೋಹದ ಕಾಲನ್ನು ಮಡಚುತ್ತ ಚಾಚುತ್ತ ವಾರಗಟ್ಟಲೆ ಒಂದೇ ಸಮನೆ ನಡೆಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಲಕ್ಷಾಂತರ ಹೆಜ್ಜೆ ಆದ ಮೇಲೆ ಬಿಲ್ಲೆಯನ್ನು ತೆಗೆದು, ತೊಳೆದು, ಒಣಗಿಸಿ, ಚಿನ್ನದಂಗಡಿಯವರೂ ನಾಚುವಷ್ಟು ಸೂಕ್ಷ್ಮವಾಗಿ ತೂಗುತ್ತೇವೆ. ತೂಕ ಎಷ್ಟು ಇಳಿಯಿತೋ ಅಷ್ಟು ಸವೆದಿದೆ ಎಂದು ಲೆಕ್ಕ. ಮಂಡಿಯೊಳಗಿನ ನೀರಿಗೆ ಬದಲಾಗಿ ಸುರಿಯುವ ದ್ರವ ಯಾವ ಪ್ರಾಣಿಯದು ಎಂದು ಮಾತ್ರ, ಏಕಾದಶಿ ತಪ್ಪಿಸದ ಅಕ್ಕನಿಗೆ ಇವತ್ತಿನವರೆಗೂ ಹೇಳಿಲ್ಲ. ಆ ಯಂತ್ರದ ಮುಂದೆ ನಿಂತಾಗಲೆಲ್ಲ, ಕಾಲೇಜು ಓದಲು ಮೈಸೂರಿನಿಂದ ಅವಳ ಮನೆಗೆ ಬಂದಿಳಿದ ಕಾಲ ನೆನಪಾಗುತ್ತದೆ. ಭಾನುವಾರ ಸಂಜೆ ಬಸ್ಸು ಹತ್ತಿಸಿ ಬೆಸೆಂಟ್ ನಗರದ ಬೀಚಿಗೆ ಕರೆದೊಯ್ಯುತ್ತಿದ್ದಳು. ನೆರಿಗೆ ಎತ್ತಿ ಹಿಡಿದು ಮರಳಿನಲ್ಲಿ ಸರಸರ ನಡೆದುಬಿಡುವಳು. ಅವಳ ಚಪ್ಪಲಿ, ನನ್ನ ಚಪ್ಪಲಿ ಎರಡನ್ನೂ ಹಿಡಿದು ನಾನು ಹಿಂದೆ ಓಡಬೇಕು. ನೀರಿಗಿಳಿದು, ತಿರುಗಿ ನೋಡಿ, ಬಾರೋ ಸೋಮಾರಿ ಎಂದು ಕೂಗುವಳು. ಆ ಅಕ್ಕ ನನಗೆ ಬೇಕು. ಇನ್ನೊಂದು ಸಲವಾದರೂ ಅಲೆಯಲ್ಲಿ ಕಾಲಿಡಬೇಕು ಎಂದು ಅವಳೂ ಹಂಬಲಿಸುತ್ತಿದ್ದಳು. ಆದರೆ ಆ ಮಂಡಿಗಳು ಮರಳಿಗೆ ಬಗ್ಗುವಂಥವಲ್ಲ. ರಸ್ತೆ ಬದಿಯ ಕಲ್ಲುಬೆಂಚಿನ ಮೇಲೆ ಕೂತು, ದೂರದಿಂದ ಕಂಡಷ್ಟು ಸಮುದ್ರ ನೋಡಿಕೊಂಡು ಆಟೋ ಹತ್ತುತ್ತಿದ್ದಳು.

ಹೋದ ವರ್ಷ ನಮ್ಮ ಬಿಲ್ಲೆ ಯಂತ್ರದಲ್ಲೇ ಬಿರುಕು ಬಿಟ್ಟಿತು. ಇದರ ಹಣೆಬರಹವೇ ಹೀಗೆ: ಸವೆಯಬಾರದು ಎಂದು ಗಟ್ಟಿ ಮಾಡಿದರೆ ಸೀಳುತ್ತದೆ, ಸೀಳಬಾರದು ಎಂದು ಮೆದು ಮಾಡಿದರೆ ಸವೆಯುತ್ತದೆ. ಮತ್ತೆ ಮೊದಲಿನಿಂದ ಶುರು. ಸರಿಹೋದರೂ ಪರೀಕ್ಷೆ, ಅನುಮತಿ ಎಂದು ಮನುಷ್ಯರ ಕಾಲು ಸೇರಲು ಹತ್ತು ವರ್ಷವಾದರೂ ಬೇಕು. ಇದು ನನಗೆ ಮೊದಲೇ ಗೊತ್ತಿತ್ತು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದರೆ, ನಾನು ಮಾಡುವ ಮಂಡಿಗಾಗಿ ಲೋಕದಲ್ಲಿ ಒಬ್ಬರಾದರೂ ಕಾಯುತ್ತಿದ್ದಾರೆ ಎಂಬುದು ನನಗೆ ಹಿತವಾಗಿತ್ತು. ನನ್ನ ಹಿತಕ್ಕೆ ಅವಳು ನಾಲ್ಕು ವರ್ಷ ನೋವು ತಿಂದಳು. ನಾಚಿಕೆಯಾಗಿ, ಆ ಶನಿವಾರವೇ ಅವಳ ಮನೆಗೆ ಹೋದೆ.

“ಅಕ್ಕ, ನನ್ನದಕ್ಕೆ ಕಾಯಬೇಡ. ಈಗ ಸಿಗೋದೇ ಚೆನ್ನಾಗಿದೆ, ಹಾಕಿಸ್ಕೊಂಡುಬಿಡು. ಎರಡು ವರ್ಷ ಅಂತಿದ್ದಿದ್ದು ಸುಳ್ಳು.”

ಅವಳು ಸ್ವಲ್ಪ ಹೊತ್ತು ಮಂಡಿ ನೀವಿಕೊಂಡಳು. “ಅಷ್ಟೇನಾ? ನಿನ್ನ ಮುಖ ನೋಡಿ, ಕೆಲಸಾನೇ ಹೋಯ್ತೇನೋ ಅಂತ ಹೆದರಿಬಿಟ್ಟೆ. ಕವಲೆಪಡಬೇಡ್ವೋ.” ಮದರಾಸಿನ ನೀರು ಕುಡಿದು ಕುಡಿದು ಅವಳ ಕನ್ನಡದಲ್ಲಿ ಚಿಂತೆಗೆ ಕವಲೆ ಎಂದೇ ಹೆಸರು.

ನುಂಗಂಬಾಕ್ಕಂನ ಒಂದು ಆಸ್ಪತ್ರೆಯಲ್ಲಿ ಬಲಗಾಲಿನದು ಆಯಿತು. ಎಡಗಾಲಿನದು ಆಮೇಲೆ ಎಂದರು. ಆರು ತಿಂಗಳಾದ ಮೇಲೆ ಒಂದು ಸಂಜೆ ಬೆಸೆಂಟ್ ನಗರದಲ್ಲಿ ಆಟೋ ಇಳಿದವಳು ಬೆಂಚಿನ ಕಡೆ ತಿರುಗಿಯೂ ನೋಡದೆ ನೇರ ಮರಳಿಗಿಳಿದಳು. ಬಲಗಾಲು ಧೈರ್ಯವಾಗಿ ಮುಂದೆ ಹೋಗುವುದು, ಎಡಗಾಲು ಗೊಣಗಿಕೊಂಡು ಹಿಂದೆ ಬರುವುದು. ನಾನು ಎಡಗಡೆ ನಿಂತು ತೋಳು ಹಿಡಿದಿದ್ದೆ. ಮೊದಲ ಅಲೆ ಪಾದ ಮುಚ್ಚಿದಾಗ ಅವಳು ಕಣ್ಣು ಮುಚ್ಚಿದಳು. ನನ್ನ ಕಣ್ಣು ತುಂಬಿತು. ಅದನ್ನು ಮರೆಮಾಚಲು, ಎಡಗಾಲಿಗೆ ಡಾಕ್ಟರು ಯಾವಾಗ ಬರಹೇಳಿದ್ದಾರೆ ಎಂದು ಕೇಳಿದೆ.

“ಅವರು ಕರೀತಾನೇ ಇದ್ದಾರೆ, ನಾನೇ ಬೇಡ ಅಂದೆ,” ಎಂದಳು. “ಎಡಗಾಲು ನಿನಗೆ ಅಂತ ಇಟ್ಟಿದ್ದೀನಿ.”

ಬೈದೆ, ಬೇಡಿಕೊಂಡೆ, ಇದು ಶುದ್ಧ ಹುಚ್ಚುತನ ಎಂದೆ. ಅವಳು ಸಮುದ್ರ ನೋಡುತ್ತ ನಿಂತಿದ್ದಳು. ಮಾರನೆಯ ದಿನ, ಹತ್ತೂವರೆಗೆ ಮುಂಚೆ ಎಂದೂ ಮುಖ ತೋರಿಸದ ನಾನು ಏಳು ಗಂಟೆಗೇ ಪ್ರಯೋಗಾಲಯದ ಬಾಗಿಲಲ್ಲಿದ್ದೆ. ಮನೆಯಲ್ಲಿ ಏನಾದರೂ ಜಗಳವಾ ಸಾರ್ ಎಂದು ಕಾವಲಿನವರು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಹೌದು, ಅಕ್ಕನ ಜೊತೆ ಎಂದು ಹೇಳಿ ಒಳಗೆ ಹೋದೆ.