ನಾನು ಕಣ್ಣಾರೆ ಕಂಡ ಗಂಟು

ಗೊತ್ತಿಲ್ಲ ಎಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಬಾಯಿಗೆ ಬಾರದಿದ್ದರೆ ಮುಂದಿನದೆಲ್ಲ ತಾನಾಗಿಯೇ ಆಗುತ್ತ ಹೋಗುತ್ತದೆ. ನನ್ನ ಬಾಳಿನಲ್ಲಿ ಅಂಥವು ಆಗುತ್ತಲೇ ಬಂದಿವೆ. ಮಂದಿಯ ಫಜೀತಿ ಹೇಳಿ ನಗಿಸುವುದು ಸುಲಭ. ಇವು ನನ್ನವೇ ಆದದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ.

೧. ಎರಡು ಶಬ್ದ

ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಅರವತ್ತರ ದಶಕದ ನಡುವಿನ ಮಾತು. ಧಾರವಾಡದ ಗೆಳೆಯನೊಬ್ಬ ತಾನು ಓದಿ ಬಿಟ್ಟ ವಿದೇಶಿ ಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದ. ಜೀವಕೋಶದ ಒಳಗಿನ ಸುದ್ದಿ ಆಗ ಹೊಸದಾಗಿ ಬರತೊಡಗಿತ್ತು. ಓದಿದ್ದನ್ನು ಒಳಗೇ ಇಟ್ಟುಕೊಳ್ಳಲಾರದೆ ಒಂದು ಸಂಜೆ ಊರ ವಾಚನಾಲಯದಲ್ಲಿ ಭಾಷಣ ಮಾಡಿದೆ.

ಹೇಳಿದ್ದು ಇಷ್ಟು. ನಮ್ಮ ಮೈಯ ಒಂದೊಂದು ಕೋಶದ ಒಳಗೂ ಒಂದು ಕೋಣೆ ಇದೆ. ಅದಕ್ಕೆ ಕೋಶಕೇಂದ್ರ ಎನ್ನುತ್ತಾರೆ. ಇಡೀ ಮೈಯನ್ನು ಕಟ್ಟುವ ಪುಸ್ತಕ ಆ ಕೋಣೆಯಲ್ಲಿದೆ. ಕಣ್ಣಿನ ಕೋಶದಲ್ಲೂ ಅದೇ ಪುಸ್ತಕ, ಕರುಳಿನ ಕೋಶದಲ್ಲೂ ಅದೇ. ಆದರೆ ಕಣ್ಣು ತನಗೆ ಬೇಕಾದ ಪುಟ ಮಾತ್ರ ತೆರೆಯುತ್ತದೆ, ಕರುಳು ತನ್ನದನ್ನು. ತೆರೆದ ಪುಟದ ನಕಲು ಕೋಣೆಯಿಂದ ಹೊರಗೆ ಹೋಗುತ್ತದೆ; ಹೊರಗೆ ಅದನ್ನು ನೋಡಿ ಕೆಲಸ ನಡೆಯುತ್ತದೆ. ಕೊಳೆತ ಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣ ಇದೆಯಲ್ಲ, ಅದರ ಮರಿಹುಳದ ಜೊಲ್ಲಿನ ಗ್ರಂಥಿಯಲ್ಲಿ ಈ ಪುಸ್ತಕ ದಪ್ಪ ದಪ್ಪ ಎಳೆಗಳಾಗಿ ಕಾಣುತ್ತದೆ. ಎಳೆಯ ತುಂಬ ಅಡ್ಡಪಟ್ಟೆ. ಎಲ್ಲಿ ಪುಟ ತೆರೆದು ನಕಲು ನಡೆದಿದೆಯೋ ಅಲ್ಲಿ ಎಳೆ ಉಬ್ಬಿ ಗಂಟಿನ ಹಾಗೆ ಆಗುತ್ತದೆ. ಹುಳ ಬೆಳೆದು ಪೊರೆ ಬಿಡುವ ಹೊತ್ತಿಗೆ ಹಳೆಯ ಗಂಟು ಇಳಿಯುತ್ತದೆ, ಬೇರೆ ಕಡೆ ಹೊಸದು ಏಳುತ್ತದೆ.

ಮುಂದಿನ ಸಾಲಿನಲ್ಲಿ ನಮ್ಮ ಹೆಡ್‌ಮಾಸ್ತರರು ಕೂತಿದ್ದರು. "ಆ ಗಂಟು ನೀವು ನೋಡೀರೇನು, ಮಾಸ್ತರ?" ಎಂದು ಕೇಳಿದರು.

ನಾನು ನೋಡಿದ್ದು ಪತ್ರಿಕೆಯ ಚಿತ್ರ. ಅದನ್ನೇ ಹೇಳಬಹುದಾಗಿತ್ತು. ಸಭೆಯೆಲ್ಲ ನನ್ನ ಮುಖ ನೋಡುತ್ತಿತ್ತು.

"ಕಣ್ಣಾರೆ ನೋಡೇನ್ರಿ."

ಹೆಡ್‌ಮಾಸ್ತರರು ಎದ್ದು ನಿಂತು ಸಭೆಯ ಕಡೆ ತಿರುಗಿದರು. "ನಮ್ಮ ಮಾಸ್ತರರು ಕಣ್ಣಾರೆ ನೋಡ್ಯಾರ. ಮಂದಿಗೂ ತೋರಸ್ತಾರ. ಸಾಲಿ ಮೈಕ್ರೋಸ್ಕೋಪ್ ನಾ ಕೊಡ್ತೇನಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ವಾಚನಾಲಯಗಳಿಗೆ ಇವತ್ತ ಕಾಗದ ಬರೀತೇನಿ."

ನಾನು ಆಡಿದ ಸುಳ್ಳು ಎರಡು ಶಬ್ದದ್ದು. ಸಭೆ ಮುಗಿಯುವುದರೊಳಗೆ ಅದಕ್ಕೆ ಮೂರು ತಾಲೂಕಿನ ಪ್ರವಾಸ ನಿಗದಿಯಾಗಿತ್ತು.

೨. ಬರಣಿ

ಗಂಟು ತೋರಿಸಬೇಕಾದರೆ ಹುಳ ಬೇಕು, ಹುಳ ಬೇಕಾದರೆ ಕೊಳೆತ ಹಣ್ಣು ಬೇಕು. ಗಾಜಿನ ಬರಣಿಯೊಂದರಲ್ಲಿ ಬಾಳೆಹಣ್ಣು ಕಿವುಚಿ ಹಾಕಿ, ನೊಣ ಮುತ್ತಿದ ಮೇಲೆ ಬಾಯಿಗೆ ತೆಳು ಅರಿವೆ ಕಟ್ಟಿ ಅಡಿಗೆಮನೆಯ ಗೂಡಿನಲ್ಲಿ ಇಟ್ಟೆ. ನಾಲ್ಕು ದಿನಕ್ಕೆ ಹುಳ ಬಂದವು. ಅದಕ್ಕಿಂತ ಮೊದಲೇ ವಾಸನೆ ಬಂದಿತ್ತು.

ಹೆಂಡತಿ ನನ್ನೊಡನೆ ಜಗಳ ಆಡಲಿಲ್ಲ. ಮಗ್ಗಲ ಮನೆಯವಳಿಗೆ ನನ್ನ ಕಿವಿಗೆ ಬೀಳುವಂತೆ ಹೇಳಿದಳು: "ಮಂದಿ ಮನ್ಯಾಗ ಹಣ್ಣು ಕೊಳತ್ರ ಚೆಲ್ತಾರವ್ವಾ. ನಮ್ಮ ಮನ್ಯಾಗ ಕೊಳೀಲಿ ಅಂತ ತರ್ತಾರ."

ಬರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಇಂಡಿಗೆ ಹೋದೆ. ಅಲ್ಲಿಯ ವಾಚನಾಲಯದ ಅಧ್ಯಕ್ಷರು ಅರಿವೆ ಅಂಗಡಿ ಇಟ್ಟಿದ್ದ ಮುಸಲ್ಮಾನ ವ್ಯಾಪಾರಿ. ಅಜ್ಜನ ಕಾಲದಿಂದ ಆ ಊರಿನವರು. ಅವರ ಮನೆಯಲ್ಲೇ ಇಳಿದೆ. ಬರಣಿಯನ್ನು ಕಿಟಕಿಯಲ್ಲಿ ಇಟ್ಟೆ. ಮರುದಿನ ಮುಂಜಾನೆ ಸ್ನಾನ ಮಾಡಿ ಬಂದು ನೋಡಿದರೆ ಕಿಟಕಿ ಖಾಲಿ. ಅಧ್ಯಕ್ಷರ ತಾಯಿ ತಾಟಿನ ತುಂಬ ಹಳದಿ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದರು.

"ತಿನ್ನಪ್ಪಾ. ನಾಚಬ್ಯಾಡ."

"ಅಮ್ಮಾ, ಇಲ್ಲೊಂದು ಬರಣಿ ಇತ್ತಲ್ರಿ?"

"ತಿಪ್ಪಿಗೆ ಚೆಲ್ಲಿ, ಬರಣಿ ತೊಳದು ಬಿಸಲಿಗೆ ಇಟ್ಟೇನಿ. ಹುಳಾ ಬಿದ್ದಿದ್ವು. ಸಾಲಿ ಮಾಸ್ತರ ಅಂತಿ, ಕಣ್ಣ ಕಾಣೂದಿಲ್ಲೇನ ನಿನಗ?"

ಆಮೇಲೆ ಮಗನ ಕಡೆ ತಿರುಗಿ ದನಿ ತಗ್ಗಿಸಿದರು. ತಗ್ಗಿಸಿದ್ದು ಸಾಲಲಿಲ್ಲ. "ಪಾಪ, ಬುತ್ತಿ ಅಂತ ಅಂಥಾದ್ದು ಕಟಗೊಂಡು ಬಂದಾನ. ಮನ್ಯಾಗ ಏನ್ ಪರಿಸ್ಥಿತಿ ಐತೋ."

ಆಗ ನನಗೆ ಮೊದಲು ಅನಿಸಿದ್ದು ಹಗುರ. ಹುಳ ಇಲ್ಲವೆಂದರೆ ತೋರಿಸುವುದೂ ಇಲ್ಲ. ಆದರೂ ಮುಖ ಸಣ್ಣ ಮಾಡಿಕೊಂಡು ಸಭೆಯಲ್ಲಿ, "ಮಾದರಿ ಹಾಳಾಗಿದೆ" ಎಂದೆ. ಅಧ್ಯಕ್ಷರು ತಾಯಿಯ ಪರವಾಗಿ ಮೂರು ಸಲ ಕ್ಷಮೆ ಕೇಳಿದರು. ಮೂರು ಸಲವೂ ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ಅದನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಹೊರಡುವಾಗ ಆ ತಾಯಿ ಬರಣಿಯ ತುಂಬ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ತುಂಬಿ ಕೊಟ್ಟರು. ಮನೆಯಲ್ಲಿ ರೊಟ್ಟಿಗೆ ಅದನ್ನು ಹಚ್ಚಿಕೊಂಡು ಉಣ್ಣುವಾಗ ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರ ಐತಿ ಎಂದು ಹೆಂಡತಿಗೆ ಹೇಳಿದೆ.

೩. ಉತಾರ

ನಮ್ಮ ಸಾಲೆಯ ಮೈಕ್ರೋಸ್ಕೋಪಿನ ಕೆಳಗೊಂದು ಪುಟ್ಟ ಕನ್ನಡಿ ಇತ್ತು. ಅದು ಬಿಸಿಲನ್ನು ಹಿಡಿದು ಮೇಲಕ್ಕೆ ಕಳಿಸಿದರೆ ಮಾತ್ರ ಏನಾದರೂ ಕಾಣುತ್ತದೆ. ಆದ್ದರಿಂದ ಸಿಂದಗಿಯವರಿಗೆ ನಾನೇ ಕಾಗದ ಬರೆದು ಸಭೆಯನ್ನು ಸಂಜೆಗೆ ಇಡಲು ಕೇಳಿಕೊಂಡೆ. ಬಿಸಿಲಿಲ್ಲ, ತೋರಿಸುವಂತಿಲ್ಲ.

ಅಲ್ಲಿ ಕೇಳಲು ಬಂದವರಲ್ಲಿ ಒಕ್ಕಲುತನ ಮಾಡುವವರೇ ಹೆಚ್ಚು. ಪುಸ್ತಕ, ಪುಟ ಎಂದು ಹೇಳುತ್ತಿದ್ದೆ. ತಲೆಗೆ ಪಟಕಾ ಸುತ್ತಿದ ಒಬ್ಬರು ನಡುವೆಯೇ ಎದ್ದರು.

"ಅಂದ್ರ ಮೂಲ ದಫ್ತರ ಹೊರಗ ಬರೂದಿಲ್ಲ. ಉತಾರ ಅಷ್ಟ ಬರ್ತೈತಿ. ಹೌದಲ್ರಿ?"

ಹೊಲದ ದಾಖಲೆಯ ನಕಲಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ನಾನು ಅರ್ಧ ತಾಸು ಹೇಳಿದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದರು. "ಬರೋಬ್ಬರಿ ಹೇಳಿದ್ರಿ," ಅಂದೆ.

"ಕೇಳಿದ ಕೂಡ್ಲೆ ಕೊಡ್ತಾರೋ, ನಾಳಿ ಬಾ ಅಂತಾರೋ?"

"ಅದ ನೋಡ್ರಿ ದೊಡ್ಡ ಪ್ರಶ್ನೆ. ಯಾವಾಗ ಯಾವ ಪುಟ ತೆರೀಬೇಕು ಅಂತ ಯಾರು ಹೇಳ್ತಾರ, ಇನ್ನೂ ಹುಡುಕಾಕತ್ತಾರ. ಹುಳ ಪೊರಿ ಬಿಡೂ ಹೊತ್ತಿಗೆ ಮೈಯಾಗಿಂದ ಒಂದು ರಸ ಬಂದು ಮುಟ್ಟತೈತಿ. ಅದು ಬಂದ ಕೂಡ್ಲೆ ಕೆಲವು ಪುಟ ತೆರೀತಾವು."

"ಇಲ್ಲಿ ಕಚೇರ್ಯಾಗೂ ಹಂಗ ಐತ್ರಿ. ಚಹಾ ಬಂದು ಮುಟ್ಟಿದ ಕೂಡ್ಲೆ ತೆರೀತಾವು."

ಸಭೆ ನಕ್ಕಿತು. ಆ ನಗೆಯ ಭರದಲ್ಲಿ ನಾನು ಇನ್ನೂ ಒಂದು ಹೇಳಿದೆ. ಕೋಣೆಯಲ್ಲಿ ಬರೆದ ನಕಲಿನಲ್ಲಿ ಬಹುಪಾಲು ಹೊರಗೆ ಬರುವುದೇ ಇಲ್ಲ. ಒಳಗೇ ಹರಿದು ಚೂರಾಗುತ್ತದೆ, ಸ್ವಲ್ಪವೇ ಹೊರಗೆ ದಾಟುತ್ತದೆ. ಯಾಕೆ ಹಾಗೆ ಎಂಬುದು ಪಂಡಿತರಿಗೂ ತಿಳಿದಿಲ್ಲ.

ಸಭೆ ಮುಗಿದ ಮೇಲೆ ಟೋಪಿ ಹಾಕಿದ ಒಬ್ಬರು ನನ್ನನ್ನು ಕಂಬದ ಮರೆಗೆ ಕರೆದರು. ಎಲ್ಲೋ ಒಂದು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತರಂತೆ. ಯಾವ ಊರಿನ ಕಚೇರಿ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಮಾಸ್ತರ್ರ, ಆ ಹರದು ಹಾಕೂ ಸುದ್ದಿ ನಿಮಗ ಯಾರ ಹೇಳಿದ್ರು?"

"ಪತ್ರಿಕ್ಯಾಗ ಬಂದಿತ್ರಿ."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಪತ್ರಿಕ್ಯಾಗ! ಕಚೇರಿ ಹೆಸರು ಹಾಕ್ಯಾರೇನ್ರಿ?"

೪. ಶಾಲು

ಮುದ್ದೇಬಿಹಾಳದವರು ನನ್ನ ಕಾಗದಕ್ಕೆ ಕಾಯಲಿಲ್ಲ. ರವಿವಾರ ಮುಂಜಾನೆ ಹನ್ನೊಂದಕ್ಕೆ, ಸಾಲೆಯ ಅಂಗಳದಲ್ಲಿ, ಉರಿಬಿಸಿಲಿನಲ್ಲಿ ಸಭೆ ಇಟ್ಟರು. ಬರಣಿಯ ಹುಳಗಳೂ ಈ ಸಲ ಗಟ್ಟಿಮುಟ್ಟಾಗಿದ್ದವು. ನನಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ತಾಸು ಮೊದಲೇ ಹೋಗಿ ಕೂತೆ. ಒಂದು ಸೂಜಿಯಿಂದ ಹುಳದ ತಲೆ ಒತ್ತಿ, ಇನ್ನೊಂದರಿಂದ ಮೈ ಹಿಡಿದು ಎಳೆಯಬೇಕು. ಒಳಗಿನದು ಹೊರಗೆ ಬರುತ್ತದೆ. ಬಂದದ್ದಕ್ಕೆ ಕೆಂಪು ಬಣ್ಣ ಹಾಕಿ, ಮೇಲೆ ತೆಳು ಗಾಜು ಇಟ್ಟು ಒತ್ತಿ ನೋಡಿದೆ. ಕಂಡಿತು! ಉದ್ದನ್ನ ಎಳೆ, ಅದರ ತುಂಬ ಅಡ್ಡಪಟ್ಟೆ, ಒಂದು ಕಡೆ ಉಬ್ಬು. ತಡವಾಗಿ ನಿಜವಾದ ಸುಳ್ಳು ಸುಳ್ಳಲ್ಲ ಎಂದು ಮನಸ್ಸು ಒಳಗೊಳಗೇ ವಾದ ಹೂಡಿತು.

ಮಂದಿ ಸಾಲು ಹಚ್ಚಿದರು. ಒಬ್ಬೊಬ್ಬರೇ ಬಗ್ಗಿ ನೋಡಿ, ನನ್ನ ಮುಖ ನೋಡಿ, "ಕಾಣಿಸ್ತ್ರಿ" ಎಂದು ಮುಂದೆ ಹೋದರು. ಎಣ್ಣೆ ವ್ಯಾಪಾರದ ಹಿರಿಯರೊಬ್ಬರು ಮಾತ್ರ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಆಹಾಹಾ, ಏನ್ ಗಂಟು! ಎಳ್ಳಿನ ಕಾಳು ಇಟ್ಟಂಗ ಐತಿ!" ಅಂದವರೇ ನನಗೆ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು.

ಕೊನೆಗೆ ನೋಡಿದವರು ದನದ ಡಾಕ್ಟರು. ನೋಡಿ, ಸುತ್ತ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದರು. "ಬಣ್ಣ ಹಾಕೀರೇನ್ರಿ ಮಾಸ್ತರ?"

"ಹಾಕೇನ್ರಿ."

"ಮತ್ತ ಇದೊಂದಕ್ಕ ಯಾಕ ಬಣ್ಣ ಹಿಡದಿಲ್ಲ?"

ನಾನು ಬಗ್ಗಿ ಮತ್ತೊಮ್ಮೆ ನೋಡಿದೆ.

"ಎಮ್ಮಿ ಗಂಟಲದಾಗ ಇಂಥಾವ ಕೈಬಳಿಯಂಥಾ ಸುತ್ತು ಇರ್ತಾವು. ಇದು ಹುಳದ ಉಸುರಿನ ನಳಗಿ. ನೀವು ಗಂಟು ಅನ್ನೂದು ಅದು ಕವಲು ಒಡಿಯೂ ಜಾಗಾ. ಇದನ್ನ ಬಿಡ್ರಿ. ತಲಿ ಹತ್ರ ಗಾಜಿನಂಥಾ ಎರಡು ಸಣ್ಣ ಚೀಲ ಇರ್ತಾವು, ಅವನ್ನ ತಗೀರಿ." ಅಷ್ಟು ಹೇಳಿ ನನ್ನ ಹೆಗಲು ಮುಟ್ಟಿದರು. "ನಾ ಯಾರ ಮುಂದೂ ಆಡೂದಿಲ್ಲ. ಶಾಲು ಚಲೋ ಐತಿ."

ಆ ಶಾಲನ್ನು ತೆಗೆದು ಎಲ್ಲಿ ಇಡಬೇಕೆಂದು ತಿಳಿಯದೆ ಹೊದ್ದುಕೊಂಡೇ ಬಸ್ಸಿನಲ್ಲಿ ಕೂತೆ. ಬೆವರು ಇಳಿಯುತ್ತಿತ್ತು. ಹೂವಿನ ಹಿಪ್ಪರಗಿಯಲ್ಲಿ ಕಂಡಕ್ಟರ್ ಕೇಳಿದ: "ಥಂಡಿ ಜ್ವರ ಏನ್ರಿ ಮಾಸ್ತರ್ರ?"

ಹೌದು ಅಂದೆ. ಮಗ್ಗಲಿಗೆ ಕೂತವರು ಎದ್ದು ಹಿಂದಿನ ಸೀಟಿಗೆ ಹೋದರು.

೫. ಒಪ್ಪಿಗೆ

ಒಂದು ತಿಂಗಳು ಸರಿಯಾಗಿ ಊಟ ಸೇರಲಿಲ್ಲ. ಪಾಠ ಹೇಳುವಾಗ ಯಾರಾದರೂ ಕೈ ಎತ್ತಿದರೆ ಸಾಕು, ನೀವು ನೋಡೀರೇನ್ರಿ ಎಂದು ಕೇಳುತ್ತಾರೆ ಎಂದೇ ಅನಿಸುತ್ತಿತ್ತು. ಕೊನೆಗೆ ಶಾಲನ್ನು ಮಡಿಚಿ ಚೀಲದಲ್ಲಿ ಹಾಕಿಕೊಂಡು ಮುದ್ದೇಬಿಹಾಳಕ್ಕೆ ಹೋದೆ. ವಾಚನಾಲಯದಲ್ಲಿ ಅದೇ ಮಂದಿಯನ್ನು ಕೂಡಿಸಲು ಕೇಳಿಕೊಂಡೆ. ನಿಂತು ಹೇಳಿದೆ. ನಾನು ತೋರಿಸಿದ್ದು ಗಂಟಲ್ಲ, ಹುಳದ ಉಸಿರಿನ ನಳಿಗೆ. ಅದಕ್ಕಿಂತ ಮೊದಲು ಕಣ್ಣಾರೆ ನೋಡಿದ್ದೇನೆ ಎಂದು ಊರೂರಿಗೆ ಸಾರಿದ್ದೂ ಸುಳ್ಳು.

ಎಣ್ಣೆ ವ್ಯಾಪಾರದ ಹಿರಿಯರು ಎದ್ದು ನಿಂತರು.

"ಅಷ್ಟ ಯಾಕ ಮನಸಿಗೆ ಹಚಗೋತೀರಿ ಮಾಸ್ತರ್ರ? ನಮಗರೆ ಅವತ್ತ ಏನ್ ಕಂಡಿತ್ತು?"

"ಎಳ್ಳಿನ ಕಾಳು ಇಟ್ಟಂಗ ಐತಿ ಅಂದ್ರೆಲ್ರಿ?"

"ನಿಮ್ಮ ಮಾರಿ ಅಷ್ಟ ಅರಳಿತ್ತು. ಕಾಣಲಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಖರೇ ಹೇಳ್ಬೇಕಂದ್ರ, ನನಗ ಕಂಡದ್ದು ನನ್ನ ರೆಪ್ಪಿ ಕೂದಲ."

ಹಿಂದಿನಿಂದ ಒಬ್ಬರು, "ನನಗ ಎಲ್ಲಾ ಕರ್ರಗ ಕಂಡಿತ್ರಿ," ಅಂದರು. ಇನ್ನೊಬ್ಬರು, "ನನಗ ಬೆಳ್ಳಗ," ಅಂದರು. ನೋಡಿದ್ದು ದನದ ಡಾಕ್ಟರು ಒಬ್ಬರೇ. ಅವರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು, ನಗು ತಡೆಯಲು.

ನಾನು ಶಾಲನ್ನು ಚೀಲದಿಂದ ತೆಗೆದು ಮುಂದೆ ಹಿಡಿದೆ. ಹಿರಿಯರು ಕೈ ಅಡ್ಡ ಹಿಡಿದರು.

"ಇಟಗೋರ್ರಿ, ಇಟಗೋರ್ರಿ. ಅದೊಂದರೆ ಖರೇ ಐತಿ."

೬. ಕನ್ನಡಿ

ಆಮೇಲೆ ನಾನು ಯಾವ ಊರಿಗೂ ಹೋಗಲಿಲ್ಲ. ಆದರೆ ಬರಣಿಯನ್ನು ಬಿಡಲಿಲ್ಲ. ಸಾಲೆಗೆ ಸೂಟಿ ಇದ್ದ ದಿನ ಮನೆಯ ಕಿಟಕಿಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಹುಳದ ಮೇಲೆ ಹುಳ ಕೆಡಿಸಿದೆ. ಹೆಂಡತಿ ಮೂಗಿಗೆ ಸೆರಗು ಹಿಡಿದು ಅಡಿಗೆ ಮಾಡಿದಳು.

ಒಂದು ಮುಂಜಾನೆ ಆ ಗಾಜಿನಂಥ ಚೀಲಗಳು ಹರಿಯದೆ ಬಂದವು. ಬಣ್ಣ ಹಾಕಿ, ಹೊತ್ತು ಕಾಯ್ದು, ಹೆಬ್ಬೆರಳಿನಿಂದ ಒತ್ತಿ, ಕನ್ನಡಿಯಲ್ಲಿ ಬಿಸಿಲು ಹಿಡಿದು ನೋಡಿದೆ. ಕೆಂಪು ಎಳೆಗಳು ಒಂದರ ಮೇಲೊಂದು ಬಿದ್ದಿದ್ದವು, ಇಳಕಲ್ ಸೀರೆಯ ದಡಿಯ ಹಾಗೆ ಒತ್ತೊತ್ತಾಗಿ ಪಟ್ಟೆ. ಒಂದು ಎಳೆಯ ತುದಿಯಲ್ಲಿ ಪಟ್ಟೆ ಸಡಿಲಾಗಿ, ಹಿಂಜಿದ ಅರಳೆಯಂತೆ ಉಬ್ಬಿತ್ತು. ಗಂಟು. ಸ್ವಲ್ಪ ಹೊತ್ತಿನ ಮೊದಲು ಆ ಹುಳ ಅಲ್ಲಿ ತನ್ನ ಪುಟವನ್ನು ತೆರೆದು ನಕಲು ಮಾಡುತ್ತಿತ್ತು. ನಡುವೆಯೇ ನಾನು ಅದನ್ನು ನಿಲ್ಲಿಸಿದ್ದೆ.

ಯಾರಿಗೆ ಹೇಳಲಿ? ಹೆಡ್‌ಮಾಸ್ತರರಿಗೆ ಹೇಳಿದರೆ ಕಾಗದ ಬರೆಯಲು ಕೂಡುತ್ತಾರೆ. ಒಬ್ಬರಾದರೂ ತಮ್ಮ ಕಣ್ಣಿನಿಂದ ನೋಡಿ ಹೌದು ಅನ್ನಲಿ, ಅಷ್ಟು ಸಾಕು ಎನಿಸಿತು. ದಡಬಡಿಸಿ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕರೆದೆ.

"ಬಾ ಇಲ್ಲೆ. ಈ ಸಲ ಖರೇನ ಐತಿ."

ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಬಗ್ಗಿದಳು. ಒಂದು ಕಣ್ಣು ಮುಚ್ಚಿ ಸಾವಕಾಶ ನೋಡಿದಳು. ನನ್ನ ಮುಖ ನೋಡಿದಳು.

"ಕಾಣಿಸ್ತ್ರಿ," ಅಂದಳು. "ಭಾಳ ಚಲೋ ಐತಿ ಗಂಟು."

ಆಗ ನನ್ನ ಕಣ್ಣು ಮೈಕ್ರೋಸ್ಕೋಪಿನ ಕೆಳಗೆ ಬಿತ್ತು. ಗಡಿಬಿಡಿಯಲ್ಲಿ ಏಳುವಾಗ ನನ್ನ ಅಂಗಿಯ ತೋಳು ತಾಗಿ ಕನ್ನಡಿ ಗೋಡೆಯ ಕಡೆ ತಿರುಗಿತ್ತು. ಒಳಗೆ ಕತ್ತಲು.

"ಕನ್ನಡಿ ಗೋಡಿ ಕಡೆ ಐತಿ. ನಿನಗ ಏನ್ ಕಾಣಿಸ್ತು?"

ಅವಳು ಅಡಿಗೆಮನೆಯ ಕಡೆ ಹೊರಟಿದ್ದಳು. ಹಿಂದೆ ತಿರುಗಲೂ ಇಲ್ಲ.

"ಕಾಣಲಿಲ್ಲ ಅಂದ್ರ ನಾಳಿ ಮತ್ತ ಬಾಳಿಹಣ್ಣು ತರ್ತೀರಿ."